ಪಥಿಕನ ಮುದ್ರೆಯೂ ಪ್ರತ್ಯಯವೂ

ಸ್ವದೇಶದಲ್ಲಿ ಸಂಚರಿಸುವವನು ತಾನಾರೆಂಬುದನ್ನು ಯಾವುದರಿಂದ ಸಿದ್ಧಪಡಿಸಬೇಕೆಂಬ ವಿಚಾರವು ನೂತನವಲ್ಲ. ೧೯೦೯ರಲ್ಲಿ ಮೈಸೂರಿನಲ್ಲಿ ಕೌಟಿಲೀಯ ಅರ್ಥಶಾಸ್ತ್ರವನ್ನು ಮೊದಲು ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳು ಮುಂದೆ ಬೆಂಗಳೂರು ಚಾಮರಾಜಪೇಟೆಯ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಮುಖ್ಯಸ್ಥರಾಗಿದ್ದರಷ್ಟೆ. ಆ ಗ್ರಂಥದ ದ್ವಿತೀಯಾಧಿಕರಣದಲ್ಲಿ ಇದಕ್ಕೆ ಎರಡು ಮಾರ್ಗಗಳು ಕಾಣುತ್ತವೆ.

ಮೊದಲನೆಯದು ಮುದ್ರೆ. ಮುದ್ರಾಧ್ಯಕ್ಷನು ಒಂದು ಮಾಷಕಕ್ಕೆ ಮುದ್ರೆಯನ್ನು ಕೊಡುವನು. ಅದುಳ್ಳವನಿಗೇ ಜನಪದದ ಪ್ರವೇಶನಿರ್ಗಮನಗಳು. ಮುದ್ರೆಯಿಲ್ಲದ ಸ್ವದೇಶೀಯನಿಗೂ ೧೨ ಪಣ ದಂಡ. ಪಣಕ್ಕೆ ೧೬ ಮಾಷಕವೆಂದೆಣಿಸಿದರೆ ದಂಡವು ಶುಲ್ಕದ ೧೯೨ ಪಾಲಾಗುವುದು. ಹುಲ್ಲುಗಾವಲುಗಳ ಮೇಲ್ವಿಚಾರಕನಾದ ವಿವೀತಾಧ್ಯಕ್ಷನು ಮುದ್ರೆಯನ್ನು ಪರೀಕ್ಷಿಸುವನು.

ಎರಡನೆಯದು ಪ್ರತ್ಯಯ, ಎಂದರೆ ಬಲ್ಲವರ ನಂಬಿಕೆ. ನಗರದ ಧರ್ಮಶಾಲೆಯವರು ಪಥಿಕರನ್ನು ಅಧಿಕಾರಿಗೆ ತಿಳಿಸಿಯೇ ಇಳಿಸಿಕೊಳ್ಳತಕ್ಕದ್ದು. ತಪಸ್ವಿಗಳನ್ನೂ ಶ್ರೋತ್ರಿಯರನ್ನೂ ಸ್ವಪ್ರತ್ಯಯದ ಮೇಲೆ ಇರಿಸಿಕೊಳ್ಳಬಹುದು. ಶಿಲ್ಪಿಗಳೂ ವರ್ತಕರೂ ತಂತಮ್ಮವರಿಗೆ ಕಸಬಿನ ಸ್ಥಳದಲ್ಲಿಯೇ ವಸತಿ ಕೊಡಬಹುದು. ಬಂದವರನ್ನೂ ಹೋದವರನ್ನೂ ತಿಳಿಸದ ಗೃಹಸ್ಥನು ಆ ರಾತ್ರಿಯ ದೋಷಕ್ಕೆ ಭಾಗಿ. ರಾತ್ರಿ ಕ್ಷೇಮವಾಗಿ ಕಳೆದರೂ ೩ ಪಣ ತೆರಬೇಕು.

೧೯೫೦ರ ಸಂವಿಧಾನದ ೧೯ನೆಯ ವಿಧಿಯು ದೇಶದೊಳಗಣ ಸಂಚಾರವನ್ನು ಪೌರನ ಹಕ್ಕಾಗಿಸಿತು. ಆದರೂ ೨೦೧೨ರ ಡಿಸೆಂಬರಿನಿಂದ ರೈಲಿನ ಕಾದಿರಿಸಿದ ಎಲ್ಲ ತರಗತಿಗಳಲ್ಲಿಯೂ ಭಾವಚಿತ್ರವುಳ್ಳ ಗುರುತಿನ ಚೀಟಿ ಬೇಕು; ಇಲ್ಲದವನು ಟಿಕೆಟ್ಟಿಲ್ಲದವನೆಂದೇ ಎಣಿಕೆ. ಆದರೆ ಒಂದೇ ಟಿಕೆಟ್ಟಿನ ಹಲವರಲ್ಲಿ ಒಬ್ಬನು ತೋರಿಸಿದರೆ ಸಾಕು. ಮಿಕ್ಕವರಿಗೆ ಅವನೇ ಪ್ರತ್ಯಯ. ಮಲ್ಲೇಶ್ವರದ ನಿಲ್ದಾಣದಲ್ಲಿ ಕಾದಿರಿಸದ ಡಬ್ಬಿಯನ್ನೇರುವವನಿಗೆ ಟಿಕೆಟ್ಟೊಂದೇ ಸಾಕು.

ಆದುದರಿಂದ ಇಂದಿನ ಚೀಟಿಗೆ ಪೂರ್ವನಿದರ್ಶನವಾಗಿ ಮುದ್ರೆಯೊಂದನ್ನೇ ಎತ್ತಿಹೇಳುವುದು ಅರ್ಧಪಾಠವೇ ಸರಿ. ಚೀಟಿಯಿಲ್ಲದೆ ಒಂಟಿಯಾಗಿ ಹೊರಟವನಿಗೆ ಹಕ್ಕಿದೆ, ಪ್ರತ್ಯಯವಿಲ್ಲ. ಆ ಇನ್ನರ್ಧವೂ ವಿಚಾರಾರ್ಹವಾದುದು.