ಒಂದು ನಿಮಿಷದ ಮೌನ ಯಾರಿಗೆ ಸಿಗುತ್ತೆ?

 

2023ರ ಜೂನ್ 4, ಭಾನುವಾರ. ಹೆಬ್ಬಾಳದ ಹತ್ತಿರ ನಾವು ವಾರ ವಾರ ಫುಟ್‌ಬಾಲ್ ಆಡೋ ಮೈದಾನ. ಎದುರು ತಂಡದಲ್ಲಿ ಅರ್ಧಕ್ಕರ್ಧ ಕಟ್ಟಡ ಕೆಲಸದ ಬಂಗಾಳಿ, ಒಡಿಯಾ ಹುಡುಗರು. ಆಟ ಶುರುವಾಗೋ ಮುಂಚೆ ಅವರಲ್ಲೊಬ್ಬ ಬಂದು "ಅಣ್ಣಾ, ಒಂದ್ ನಿಮಿಷ ನಿಲ್ಲೋಣ್ವಾ?" ಅಂದ. ಯಾಕೆ ಅಂತ ಯಾರೂ ಕೇಳಲಿಲ್ಲ. ಮಧ್ಯದ ಗೆರೆ ಸುತ್ತ ನಿಂತ್ವಿ, ಚೆಂಡು ನೆಲದ ಮೇಲಿತ್ತು.

ಎರಡು ದಿನದ ಹಿಂದೆ, ಶುಕ್ರವಾರ ಸಂಜೆ, ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗಾ ಬಜಾರ್‌ನಲ್ಲಿ ಮೂರು ರೈಲು ಡಿಕ್ಕಿಯಾಗಿ 290ರಷ್ಟು ಜನ ಸತ್ತಿದ್ದರು. ಅದರಲ್ಲೊಂದು ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲು. ಬೈಯಪ್ಪನಹಳ್ಳಿ ಟರ್ಮಿನಲ್‌ನಿಂದ ಹೊರಡೋದಾದ್ರೂ ಆ ಹುಡುಗರ ಬಾಯಲ್ಲಿ ಅದು ಇನ್ನೂ "ಯಶವಂತಪುರ–ಹೌರಾ"ನೇ. ವರ್ಷಕ್ಕೊಮ್ಮೆ ಅವರು ಊರಿಗೆ ಹೋಗೋದೇ ಅದರಲ್ಲಿ.

ಆಟ ಮುಗಿದ ಮೇಲೆ ಟೀ ಕುಡೀತಾ ಆ ಹುಡುಗ ಹೇಳಿದ್ದು ಒಂದೇ ಮಾತು: "ಜನರಲ್ ಬೋಗಿಯವರ ಹೆಸರು ಲಿಸ್ಟಲ್ಲಿ ಇರಲ್ಲ ಅಣ್ಣಾ."

ಅವತ್ತಿನಿಂದ ಈ "ಒಂದು ನಿಮಿಷ" ಎಲ್ಲಿಂದ ಬಂತು, ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ ಅಂತ ಹುಡುಕ್ತಾ ಬಂದಿದ್ದೀನಿ.

ಇದರ ಬೇರು ಇರೋದು ಯುದ್ಧದಲ್ಲಿ. 1918ರ ಮೇ ತಿಂಗಳಿಂದ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಮಧ್ಯಾಹ್ನದ ತೋಪು ಹಾರಿದ ಕೂಡಲೇ ಊರಿಗೆ ಊರೇ ನಿಲ್ಲುತ್ತಿತ್ತು, ಮಹಾಯುದ್ಧದಲ್ಲಿ ಸತ್ತವರಿಗಾಗಿ. ಅದನ್ನು ನೋಡಿದ್ದ ಪರ್ಸಿ ಫಿಟ್ಜ್‌ಪ್ಯಾಟ್ರಿಕ್ ಲಂಡನ್ನಿಗೆ ಸಲಹೆ ಕೊಟ್ಟ. 1919ರ ನವೆಂಬರ್ 11ಕ್ಕೆ ಬ್ರಿಟಿಷ್ ಸಾಮ್ರಾಜ್ಯದಲ್ಲೆಲ್ಲ ಎರಡು ನಿಮಿಷ ಮೌನ ಅಂತ ರಾಜನ ಕರೆ ಬಂತು. ಕ್ರೀಡಾಂಗಣದ ಮೌನ ಇದೇ ಸಂಪ್ರದಾಯದ ಕೂಸು.

ಆದ್ರೆ ಅದೇ ದಕ್ಷಿಣ ಆಫ್ರಿಕಾದ ಇನ್ನೊಂದು ಕತೆ ಕೇಳಿ. 1917ರ ಫೆಬ್ರವರಿಯಲ್ಲಿ "ಮೆಂಡಿ" ಅನ್ನೋ ಹಡಗು ಇಂಗ್ಲಿಷ್ ಕಡಲಲ್ಲಿ ಮುಳುಗಿ, ಯುದ್ಧದ ಕೂಲಿಗೆ ಹೊರಟಿದ್ದ 600ಕ್ಕೂ ಹೆಚ್ಚು ಕಪ್ಪು ಕಾರ್ಮಿಕರು ಸತ್ತರು. ಯುದ್ಧ ಮುಗಿದ ಮೇಲೆ ಆ ಕಾರ್ಮಿಕ ಪಡೆಯ ಕಪ್ಪು ಜನಕ್ಕೆ ಅಲ್ಲಿನ ಸರ್ಕಾರ ಒಂದು ಪದಕವನ್ನೂ ಕೊಡಲಿಲ್ಲ. ಮೌನ ಹುಟ್ಟಿದ ದೇಶದಲ್ಲೇ ಅದರ ಪಾಲು ಎಲ್ಲರಿಗೂ ಸಮ ಇರಲಿಲ್ಲ.

ಫುಟ್‌ಬಾಲ್ ಜನ ಇದನ್ನು ಹೇಗೆ ಬದಲಾಯಿಸಿದರು ನೋಡಿ. 1989ರ ಏಪ್ರಿಲ್ 15, ಶೆಫೀಲ್ಡ್‌ನ ಹಿಲ್ಸ್‌ಬರೊ ಕ್ರೀಡಾಂಗಣ. ಕಾಲ್ತುಳಿತದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಸತ್ತರು, ಒಟ್ಟು ಲೆಕ್ಕ 97. ನಾಲ್ಕು ದಿನ ಬಿಟ್ಟು ಇಟಲಿಯ ಮಿಲಾನ್‌ನಲ್ಲಿ ಎಸಿ ಮಿಲಾನ್–ರಿಯಲ್ ಮ್ಯಾಡ್ರಿಡ್ ಪಂದ್ಯ. ಆಟ ನಿಲ್ಲಿಸಿ ಮೌನ ಆಚರಿಸಿದರು. ಆ ಮೌನದ ನಡುವೆಯೇ ಮಿಲಾನ್ ಜನ ತಮ್ಮದಲ್ಲದ ಹಾಡನ್ನು, ಲಿವರ್‌ಪೂಲ್‌ನವರ ಹಾಡನ್ನು, ಹಾಡಿದರು. ಯಾವ ರಾಜನೂ ಅದಕ್ಕೆ ಆದೇಶ ಕೊಟ್ಟಿರಲಿಲ್ಲ.

ಅದೇ ಏಪ್ರಿಲ್ 19ರಂದು ಇಂಗ್ಲೆಂಡಿನ "ದ ಸನ್" ಪತ್ರಿಕೆ ಮುಖಪುಟದಲ್ಲಿ ಸತ್ತವರ ಕಡೆಯವರನ್ನೇ ಕುಡುಕರು, ಕಳ್ಳರು ಅಂತ ಚಿತ್ರಿಸಿತ್ತು. ನಮಗೆ ಗೊತ್ತಿಲ್ಲದ ವಿಷಯವೇ ಇದು? ನಮ್ಮವರು ಸತ್ತಾಗಲೂ ಮೊದಲು ಬರೋ ಮಾತು "ಕುಡಿದಿದ್ನಂತೆ" ಅಂತಲೇ ಅಲ್ವಾ?

ಲಿವರ್‌ಪೂಲ್ ಜನ ಆ ಪತ್ರಿಕೆ ಕೊಳ್ಳೋದು ಬಿಟ್ಟರು. ವರ್ಷ ವರ್ಷ ಏಪ್ರಿಲ್ 15ಕ್ಕೆ ಸೇರಿ ಸತ್ತವರ ಹೆಸರು ಒಂದೊಂದಾಗಿ ಓದಿದರು. 2016ರಲ್ಲಿ, ಅಂದ್ರೆ 27 ವರ್ಷಕ್ಕೆ, ಇದು ಕಾನೂನುಬಾಹಿರ ಸಾವು, ತಪ್ಪು ಅಭಿಮಾನಿಗಳದ್ದಲ್ಲ ಅಂತ ಜ್ಯೂರಿ ಹೇಳಿತು. ಅವತ್ತು ಬಂದೋಬಸ್ತಿನ ಹೊಣೆ ಹೊತ್ತಿದ್ದ ಪೊಲೀಸ್ ಅಧಿಕಾರಿ ಮಾತ್ರ 2019ರಲ್ಲಿ ಖುಲಾಸೆಯಾದ.

ಇನ್ನು ನಮ್ಮ ಕಡೆ ಬರೋಣ. 2023ರ ಜೂನ್ 18ಕ್ಕೆ ಭುವನೇಶ್ವರದಲ್ಲಿ ಭಾರತ ತಂಡ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದಾಗ ಒಡಿಶಾ ಸರ್ಕಾರ 1 ಕೋಟಿ ಬಹುಮಾನ ಘೋಷಿಸಿತು. ಆಟಗಾರರು ಅದರಲ್ಲಿ 20 ಲಕ್ಷವನ್ನು ರೈಲು ದುರಂತದ ಸಂತ್ರಸ್ತರಿಗೆ ಕೊಟ್ಟರು. ಅಲ್ಲಿಂದ ತಂಡ ಸೀದಾ ನಮ್ಮ ಕಂಠೀರವಕ್ಕೆ ಬಂತು, ಸ್ಯಾಫ್ ಕಪ್ ಆಡೋಕೆ. ಜುಲೈ 4ಕ್ಕೆ ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದಾಗ ಮಣಿಪುರದ ಜೀಕ್ಸನ್ ಸಿಂಗ್ ಏಳು ಬಣ್ಣದ ಬಾವುಟ ಹೊದ್ದು ಪದಕಕ್ಕೆ ನಿಂತ. ಮೇ 3ರಿಂದ ಅವನ ರಾಜ್ಯ ಉರೀತಿತ್ತು. ಅದು ಮೈತೇಯಿಗಳ ಬಾವುಟ, ಕುಕಿಗಳ ನೋವಿಗೆ ಅದರಲ್ಲಿ ಜಾಗ ಎಲ್ಲಿ ಅಂತ ಪ್ರಶ್ನೆ ಬಂತು. ಪ್ರಶ್ನೆ ನ್ಯಾಯವಾದದ್ದೇ. ಆದ್ರೆ ಎರಡು ತಿಂಗಳು ಮಣಿಪುರದ ಬಗ್ಗೆ ಉಸಿರೆತ್ತದವರೂ ಅವತ್ತು ಜೀಕ್ಸನ್‌ಗೆ ದೇಶಪ್ರೇಮದ ಪಾಠ ಮಾಡಿದ್ದನ್ನು ನಾನು ಮರೆಯಲ್ಲ.

2024ರ ಜುಲೈ 30ಕ್ಕೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋಯಿತು. ಎರಡೇ ದಿನಕ್ಕೆ ಕೋಲ್ಕತ್ತದ ಡುರಾಂಡ್ ಕಪ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಹುಡುಗರು ಕಪ್ಪು ಪಟ್ಟಿ ಕಟ್ಟಿ ಆಡಿದರು, 8–0 ಗೆದ್ದರು, ಗೆಲುವನ್ನು ವಯನಾಡಿಗೆ ಅರ್ಪಿಸಿದರು. ಒಳ್ಳೆಯದೇ. ಆದ್ರೆ ಚಹಾ ತೋಟದ ಲೈನ್ ಮನೆಗಳಲ್ಲಿ ಕೂಲಿಗಳನ್ನು ಆ ಗುಡ್ಡದ ಬುಡದಲ್ಲಿ ಇಟ್ಟಿದ್ದು ಯಾರು ಅನ್ನೋದನ್ನು ಕಪ್ಪು ಪಟ್ಟಿ ಕೇಳಲ್ಲ. ಅದನ್ನು ಕೇಳಬೇಕಾದವರು ನಾವು.

ಈಗ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರೋ ಮಾತು. ಮಿಲಾನ್‌ನಿಂದ ಶೆಫೀಲ್ಡ್ ಸಾವಿರ ಕಿಲೋಮೀಟರ್‌ಗಿಂತ ದೂರ. ಆರ್‌ಟಿ ನಗರದಿಂದ ಚಿಂತಾಮಣಿ ಕಡೆಯ ಕಂಬಾಲಪಲ್ಲಿಗೆ ಬಸ್ಸಲ್ಲಿ ಹೋಗಿ ಸಂಜೆಗೆ ವಾಪಸ್ ಬರಬಹುದು. 2000ದ ಮಾರ್ಚ್ 11ರಂದು ಅಲ್ಲಿ 7 ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟಲ್ಲೂ ಅದೇ. ನಾನು ಇಷ್ಟು ವರ್ಷ ನಿಂತು ನೋಡಿದ ಯಾವ ಪಂದ್ಯದಲ್ಲೂ ಅವರಿಗಾಗಿ ಒಂದು ನಿಮಿಷ ಸಿಗಲಿಲ್ಲ. ಮ್ಯಾನ್‌ಹೋಲಿಗೆ ಇಳಿದು ಸತ್ತವರಿಗೂ ಇಲ್ಲ. ಬೇರೆಯವರನ್ನು ಯಾಕೆ ದೂರಲಿ? ಆಡಿದ ನಾನೂ ಕೇಳಲಿಲ್ಲ. ಕೇಳಬಹುದು ಅಂತ ಹೊಳೆದಿದ್ದೇ ಊರು ಬಿಟ್ಟು ಬಂದ ಆ ಹುಡುಗನಿಂದ.

ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡಿ. ಅಲ್ಲಿ ಬುದ್ಧ, ಬಾಬಾಸಾಹೇಬರು, ಮದರ್ ತೆರೇಸಾರ ಜೊತೆಗೆ ಪೆಲೆಯ ಪ್ರತಿಮೆ ಇದೆ. ಸಾಗರದಾಚೆಯ ಕಪ್ಪು ಆಟಗಾರನನ್ನು ನಮ್ಮವನು ಅಂದುಕೊಳ್ಳೋಕೆ ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಾಲಸೋರ್‌ನಲ್ಲಿ ಸತ್ತವರಲ್ಲಿ 28 ಶವಗಳಿಗೆ ಕೊನೆಗೂ ವಾರಸುದಾರರು ಸಿಗಲಿಲ್ಲ. ನಾಲ್ಕು ತಿಂಗಳು ಕಾದು, ಅಕ್ಟೋಬರ್‌ನಲ್ಲಿ ಭುವನೇಶ್ವರದ ಪಾಲಿಕೆಯೇ ಸುಟ್ಟಿತು. ಲಿಸ್ಟಲ್ಲಿ ಇಲ್ಲದ ಹೆಸರು ಅಂದ್ರೆ ಇದೇ.

ಅದಕ್ಕೇ ಒಂದು ಕೋರಿಕೆ. ಏಪ್ರಿಲ್ 14ರ ಸುತ್ತ ನಮ್ಮ ಯಲಹಂಕ, ಹೆಬ್ಬಾಳ, ಯಶವಂತಪುರ ಕಡೆ ಎಷ್ಟೋ ಟೂರ್ನಮೆಂಟ್ ನಡೀತವೆ. ಫೈನಲ್‌ಗೆ ಮುಂಚೆ ಒಂದು ನಿಮಿಷ ನಿಲ್ಲಿ. ಆದ್ರೆ ಸುಮ್ನೆ ನಿಲ್ಲಬೇಡಿ. ಮೈಕ್ ಹಿಡಿದು ಹೆಸರುಗಳನ್ನು ಓದಿ. ಹೆಸರು ಸಿಗದಿದ್ರೆ ಊರು ಓದಿ, ತಾರೀಖು ಓದಿ, ಕೇಸು ಎಲ್ಲಿಗೆ ಬಂತು ಅಂತ ಹೇಳಿ. ಆಮೇಲೆ ಆಟ ಆಡೋಣ.

ಆ ಹುಡುಗ ಈಗ ಬೆಂಗಳೂರಲ್ಲಿಲ್ಲ. ಕೆಲಸ ಮುಗೀತು, ಬೇರೆ ಊರಿಗೆ ಹೋದ. ಎಲ್ಲೋ ಒಂದು ಮೈದಾನದಲ್ಲಿ ಆಡ್ತಿರ್ತಾನೆ.

ಜೈ ಭೀಮ್.