ಹಳೆ ವಸ್ತುಗಳ ಆನ್‌ಲೈನ್ ಮಾರಾಟ: ಅಭಿಪ್ರಾಯ ವಿವಾದಗಳು

ಬಳಸಿದ ವಸ್ತುಗಳನ್ನು ಆನ್‌ಲೈನ್‌ನಲ್ಲಿ ಕೊಂಡವರು, ಮಾರಿದವರು ಪರಸ್ಪರ ನೀಡುವ ರೇಟಿಂಗ್ ಮತ್ತು ವಿಮರ್ಶೆಗಳಿಂದ ಹುಟ್ಟುವ ತಕರಾರು. ‘ಬ್ಯಾಟರಿ ಚೆನ್ನಾಗಿದೆ’ ಎಂದು ಮಾರಿದ ಹಳೆ ಮೊಬೈಲು ಮಧ್ಯಾಹ್ನಕ್ಕೇ ಆರಿಹೋದರೆ ಕೊಂಡವರು ಒಂದೇ ನಕ್ಷತ್ರ ಕೊಡುತ್ತಾರೆ. ಮಾರಿದವರು ಅದನ್ನು ಸುಳ್ಳೆನ್ನುತ್ತಾರೆ. ಜಾಹೀರಾತಿನ ಚಿತ್ರ, ಚಾಟ್ ಸಂದೇಶ, ಹಣ ಪಾವತಿಯ ದಾಖಲೆ ಇಲ್ಲಿ ಮುಖ್ಯ ಸಾಕ್ಷ್ಯ.

ಮಾರಾಟಗಾರರು ಸೇಡಿಗೆ ಕೆಟ್ಟ ಅಭಿಪ್ರಾಯ ಬರೆಯುವುದನ್ನು ತಡೆಯಲು ಇಬೇ ತಾಣ 2008ರಲ್ಲಿ ಅವರು ಖರೀದಿದಾರರಿಗೆ ನಕಾರಾತ್ಮಕ ರೇಟಿಂಗ್ ನೀಡುವುದನ್ನು ನಿಲ್ಲಿಸಿತು. ಭಾರತದಲ್ಲಿ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಮಾರಾಟಗಾರರು ಗ್ರಾಹಕರ ಸೋಗಿನಲ್ಲಿ ವಿಮರ್ಶೆ ಬರೆಯುವಂತಿಲ್ಲ. ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆನ್‌ಲೈನ್ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಮಾನಕ ಹೊರಡಿಸಿತು.

ಮನೆಯ ಹಳೆ ಸಾಮಾನನ್ನು ಅಪರೂಪಕ್ಕೆ ಮಾರುವ ವ್ಯಕ್ತಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ನಿಯಮಿತವಾಗಿ ವ್ಯಾಪಾರ ಮಾಡುವವರಿಗೆ ಅನ್ವಯಿಸುತ್ತವೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಗಾಗಿ ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಗ್ರಾಹಕರು, ಮಾರಾಟಗಾರರು ಬೇರೆ ಊರಿನವರಾದರೂ, ಚಿಕ್ಕಬಳ್ಳಾಪುರ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ವ್ಯಾಜ್ಯಕಾರಣ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು; 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915; ಹಣ ಪಡೆದು ವಂಚಿಸಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930.