ಸೈನ್ಯದ ನಕ್ಷೆಯೂ ಊರಿನ ಜನರೂ

1948ರ ಸಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಖ್ಯ ಪಡೆಯು ಸೊಲ್ಲಾಪುರದಿಂದ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ನಳದುರ್ಗದ ಸೇತುವೆಯನ್ನು ಅದು ಒಡೆಯುವ ಮೊದಲೇ ವಶಪಡಿಸಿಕೊಂಡು, ರಾಜೇಶ್ವರ, ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಸಾಗಿತು. 17ರಂದು ಬೀದರ ಕೈವಶವಾಯಿತು. ಅದೇ ಸಂಜೆ ನಿಜಾಮರು ಶರಣಾದರು. ದಾರಿ, ಸೇತುವೆ, ಎದುರಾಳಿಯ ನೆಲೆ, ಇವೆಲ್ಲವನ್ನೂ ಸೈನ್ಯವು ಮೊದಲೇ ಅರಿತಿದ್ದಿತು.

ಆದರೆ ಆ ಹೆದ್ದಾರಿಯಿಂದ ಒಳಗಿದ್ದ ಬೇಮಳಖೇಡದಂತಹ ಊರುಗಳಲ್ಲಿ ಯಾರು ಯಾರೊಡನೆ ಬಾಳುತ್ತಿದ್ದರು, ಅಧಿಕಾರ ಬದಲಾದ ಮರುದಿನ ಯಾರ ಮನೆಗೆ ಅಪಾಯವೆಂಬ ಮಾಹಿತಿಗೆ ಆ ಸಿದ್ಧತೆಯಲ್ಲಿ ತಕ್ಕ ಸ್ಥಾನ ದೊರೆಯಲಿಲ್ಲವೆಂದೇ ನನ್ನ ಅಭಿಪ್ರಾಯ. ಇದು ಗುಪ್ತಚರರು ಹುಡುಕಬೇಕಾದ ಸಂಗತಿಯಲ್ಲ. ರಜಾಕಾರರು ಅದೇ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾದಲ್ಲಿ ಹತ್ಯಾಕಾಂಡ ನಡೆಸಿದ್ದರು. ಆ ನೋವು, ಆ ರೋಷ ಎಲ್ಲರಿಗೂ ತಿಳಿದಿತ್ತು. ಅದು ತಿರುಗಿ ಬೀಳುವಾಗ ರಜಾಕಾರನನ್ನೂ, ಆ ಗುಂಪಿಗೆ ಎಂದೂ ಸೇರದ ಬಡ ಮುಸಲ್ಮಾನ ನೇಕಾರನನ್ನೂ ಬೇರ್ಪಡಿಸಿ ನೋಡೀತೆ? ಊರಿನ ಪಟೇಲ, ಪಟವಾರಿ, ಪೇಟೆಯ ಕಿರಾಣಿ ವ್ಯಾಪಾರಿ, ಯಾರನ್ನು ಕೇಳಿದ್ದರೂ ಉತ್ತರ ಸಿಗುತ್ತಿತ್ತು. ನಮ್ಮಂತಹ ವರ್ತಕರಿಗಂತೂ ಯಾವ ಮನೆಯಲ್ಲಿ ಎಷ್ಟು ಜನ, ಅವರ ನಡತೆ ಎಂತಹದೆಂಬುದು ಖಾತೆಪುಸ್ತಕದಲ್ಲಿ ಬರೆಯದೆಯೂ ತಿಳಿದಿರುತ್ತದೆ.

ಫಲಿತಾಂಶವನ್ನು ಪಂಡಿತ ಸುಂದರಲಾಲರ ಸಮಿತಿ ಅದೇ ವರ್ಷ ನವೆಂಬರ್–ಡಿಸೆಂಬರಿನಲ್ಲಿ ಸಂಚರಿಸಿ ದಾಖಲಿಸಿತು. ಸಂಸ್ಥಾನದಾದ್ಯಂತ ಹತರಾದವರು 27,000ದಿಂದ 40,000; ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ, ನಾಂದೇಡ ಎಂಬುದು ಅದರ ಅಂದಾಜು. ಕೆಲವೆಡೆ ಸೈನಿಕರೇ ಲೂಟಿಯಲ್ಲಿ ಸೇರಿದರೆಂದೂ, ಹಲವೆಡೆ ಅಧಿಕಾರಿಗಳು ಜನರನ್ನು ಕಾಪಾಡಿದರೆಂದೂ, ತಮ್ಮ ಪ್ರಾಣವನ್ನು ಪಣವಾಗಿಟ್ಟು ನೆರೆಯ ಮುಸಲ್ಮಾನರನ್ನು ರಕ್ಷಿಸಿದ ಹಿಂದೂಗಳಿದ್ದರೆಂದೂ ಸಮಿತಿ ಬರೆಯಿತು. ಈ ಮೂರನ್ನೂ ಒಟ್ಟಿಗೆ ಓದಬೇಕು. ಒಂದನ್ನಷ್ಟೇ ಆರಿಸಿಕೊಳ್ಳುವುದು ನ್ಯಾಯವಲ್ಲ.

ರಜಾಕಾರರ ಹಾವಳಿಯನ್ನು ಅಡಗಿಸಲು ಶಸ್ತ್ರವೆತ್ತಿದ್ದನ್ನು ನಮ್ಮ ಶಾಸ್ತ್ರಕಾರರು ಗೃಹಸ್ಥನಿಗೆ ಅನಿವಾರ್ಯವಾದ ವಿರೋಧೀ ಹಿಂಸೆಯೆಂದು ಎಣಿಸಬಹುದು. ಆದರೆ ಹಿಂಸೆಯ ಮೂಲದಲ್ಲಿ ಪ್ರಮಾದವನ್ನು ಕಂಡ ತತ್ತ್ವಾರ್ಥಸೂತ್ರದ ದೃಷ್ಟಿಯಿಂದ, ತಿಳಿಯಬಹುದಾಗಿದ್ದನ್ನು ತಿಳಿಯದೆ ಮುಂದುವರಿದದ್ದು ಸಣ್ಣ ಲೋಪವಲ್ಲ. ಪೇಟೆಗೊಂದು ಕಾವಲು ತುಕಡಿಯನ್ನು ಉಳಿಸಿ, ಉಭಯ ಪಕ್ಷದ ಹಿರಿಯರನ್ನು ಕರೆಸಿ ಕೇಳಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ದಾಳಿಯನ್ನು ಯೋಜಿಸುವವರು ನಾಗರಿಕರ ವಿಷಯದಲ್ಲಿ ಸಾಧ್ಯವಾದ ಎಲ್ಲ ಎಚ್ಚರ ವಹಿಸಬೇಕೆಂಬ ನಿಯಮವನ್ನು ಜಿನೀವಾದ ಹೆಚ್ಚುವರಿ ಒಡಂಬಡಿಕೆ ಬರೆದಿಟ್ಟದ್ದು 1977ರಲ್ಲಿ.

ಸುಂದರಲಾಲರ ವರದಿಯನ್ನು ಸರಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರ ಕೈಗೆ ದೊರೆತದ್ದು 2013ರಲ್ಲಿ.